ಕುಮಟಾ ಹತ್ತಿ ಮತ್ತು ಕರಾವಳಿಯ ರೇವುಗಳು

ಧಾರವಾಡದಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಪಾಠವೊಂದರಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರನ್ನು ಮೊದಲು ಕೇಳಿದೆ. 1980ರ ದಶಕದ ಕೊನೆಯಲ್ಲಿ ಸರ್ಕಾರಿ ಸೇವೆಯ ನಿಮಿತ್ತ ಕುಮಟಾಕ್ಕೆ ಹೋದಾಗ ಕಂಡದ್ದು ತೆಂಗಿನ ತೋಟ, ಗಜನಿ ಗದ್ದೆ, ಜಂಬಿಟ್ಟಿಗೆಯ ನೆಲ. ಒಂದು ಹತ್ತಿ ಗಿಡವೂ ಕಣ್ಣಿಗೆ ಬೀಳಲಿಲ್ಲ. ಬೆಳೆದದ್ದು ಧಾರವಾಡ ಸೀಮೆಯ ಕರಿನೆಲದಲ್ಲಿ, ಹಡಗನ್ನೇರಿದ್ದು ಕುಮಟಾದಲ್ಲಿ. ಬೆಳೆಗೆ ಹೊಲದ ಹೆಸರು ಬಾರದೆ ರೇವಿನ ಹೆಸರು ಬಂದಿತ್ತು.

ಇದು ಈಗ ನೆನಪಾಗಲು ಕಾರಣವಿದೆ. ಉತ್ತರ ಕನ್ನಡಕ್ಕೆ ಹೊಸ ಬಂದರುಗಳು ಬೇಕೆನ್ನುವವರು ಭಟ್ಕಳ, ಹೊನ್ನಾವರಗಳ ಗತವೈಭವವನ್ನು ಮುಂದಿಡುತ್ತಾರೆ. ವೈಭವವೇನೋ ನಿಜ. 1340ರ ದಶಕದಲ್ಲಿ ಹೊನ್ನಾವರವನ್ನು ಕಂಡ ಇಬ್ನ್ ಬತೂತ, ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದವೆಂದು ಬರೆದಿದ್ದಾನೆ. ಹಡಗುಗಳ ಎಣಿಕೆಗಿಂತ ಈ ಎಣಿಕೆಯೇ ನನಗೆ ದೊಡ್ಡದಾಗಿ ತೋರುತ್ತದೆ.

ಆದರೆ ಆ ವೈಭವ ಕಡಲಿನಿಂದಷ್ಟೇ ಬಂದುದಲ್ಲ. ಭಟ್ಕಳ ಬೆಳೆದದ್ದು ವಿಜಯನಗರದ ಸೈನ್ಯಕ್ಕೆ ಕುದುರೆ ಬೇಕಾಗಿದ್ದುದರಿಂದ. ಅರಬ್ ನಾಡು, ಹೊರ್ಮುಜ್‌ಗಳಿಂದ ಕುದುರೆಗಳು ಇಳಿದರೆ, ಇಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೊರಡುತ್ತಿದ್ದವು. 1502ರಲ್ಲಿ ವಾಸ್ಕೊ ಡ ಗಾಮ ಬಂದು ಬೆದರಿಸಿದಾಗ ಭಟ್ಕಳ ಒಪ್ಪಿಕೊಂಡ ಕಪ್ಪವೂ ಅಕ್ಕಿಯೇ. 1510ರಲ್ಲಿ ಗೋವಾ ಪೋರ್ಚುಗೀಸರ ವಶವಾದ ಬಳಿಕ ಅವರು ಕುದುರೆ ಹಡಗುಗಳನ್ನು ಬಲವಂತದಿಂದ ಅತ್ತ ತಿರುಗಿಸಿದರು. 1542ರಲ್ಲಿ ಭಟ್ಕಳವನ್ನೇ ಸುಟ್ಟು ಸೂರೆ ಮಾಡಿದರು. ಹೊನ್ನಾವರದ ಬೆನ್ನಿಗಿದ್ದದ್ದು ಶರಾವತಿ. ಅದರ ಮೇಲ್ದಂಡೆಯ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದರೇ ಹೊರತು ಕಡಲ ರಾಣಿ ಎಂದಲ್ಲ.

ಕುಮಟಾದ ಕಥೆ ಇನ್ನೂ ಸ್ಪಷ್ಟ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಲ್ಯಾಂಕಾಶೈರಿನ ಗಿರಣಿಗಳಿಗೆ ಭಾರತದ ಹತ್ತಿ ಬೇಕಾಯಿತು. ಧಾರವಾಡದ ಹತ್ತಿ ದೇವಿಮನೆ ಘಟ್ಟವಿಳಿದು ಕುಮಟಾಕ್ಕೆ, ಅಲ್ಲಿಂದ ಮುಂಬಯಿಗೆ, ಮುಂದೆ ಲಿವರ್‌ಪೂಲಿಗೆ ಸಾಗುತ್ತಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಕಿತ್ತು ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಹತ್ತಿ ವ್ಯಾಪಾರಿಗಳ ಒತ್ತಡವಿತ್ತು. ಜಿಲ್ಲೆಯ ಗಡಿಯನ್ನೇ ಒಂದು ಬೆಳೆ ಬದಲಿಸಿತು! 1880ರ ದಶಕದ ಕೊನೆಗೆ ಹುಬ್ಬಳ್ಳಿಯ ಕಡೆಯಿಂದ ಮರ್ಮಗೋವಾಕ್ಕೆ ರೈಲು ಓಡತೊಡಗಿದ ಮೇಲೆ ಸರಕು ಘಟ್ಟವಿಳಿಯುವುದು ಕ್ಷೀಣಿಸಿತು. ಕಡಲು ಅಲ್ಲೇ ಇತ್ತು, ಬಂದರು ಬರಿದಾಯಿತು.

ಆದುದರಿಂದ ಹೊಸ ಬಂದರಿನ ಮಾತು ಬಂದಾಗ ನಾನು ಕೇಳುವುದು ಒಂದೇ: ಘಟ್ಟದ ಮೇಲಿನಿಂದ ಯಾವ ಸರಕು, ಯಾವ ದಾರಿಯಲ್ಲಿ ಬರಲಿದೆ? ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ಎರಡು ದಶಕಗಳಿಗೂ ಹಳೆಯದು. ರೈಲು ಇನ್ನೂ ಘಟ್ಟ ಇಳಿದಿಲ್ಲ. ಇತ್ತ ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಯೋಜನೆಯನ್ನು ಮೀನುಗಾರರು ವರ್ಷಗಳಿಂದ ವಿರೋಧಿಸುತ್ತಿದ್ದಾರೆ. ಅವರನ್ನು ಅಭಿವೃದ್ಧಿಯ ವಿರೋಧಿಗಳೆಂದು ತಳ್ಳಿಹಾಕುವುದು ಸುಲಭ. ಕಡತದಲ್ಲಿ ಹಾಗೆ ಟಿಪ್ಪಣಿ ಬರೆಯುವ ಕಲೆಯನ್ನು ನಾವು ಅಧಿಕಾರಿಗಳು ಚೆನ್ನಾಗಿ ಬಲ್ಲೆವು. ಟೊಂಕದ ಮರಳಿನ ಮೇಲೆ ಹೆಂಗಸರು ಒಣಗಿಸುವ ಮೀನು ಇಂದಿಗೂ ಘಟ್ಟ ಹತ್ತಿ ಮಾರುಕಟ್ಟೆ ಸೇರುತ್ತದೆ. ಯೋಜನೆಯ ಲಾಭನಷ್ಟದ ಪಟ್ಟಿಯಲ್ಲಿ ಆ ಸರಕಿಗೂ ಒಂದು ಸಾಲು ಇರಬೇಕು.