ಗೋಡೆ ಬದಿಯ ನೀರು ಯಾವ ನೀರು?

ಕಳೆದ ಶ್ರಾವಣದ ಒಂದು ಬೆಳಿಗ್ಗೆ ತುಳಸಿಗೆ ನೀರು ಹಾಕಲು ಹೊರಟ ನಮ್ಮ ಮನೆಯಾಕೆ ಪಕ್ಕದ ಓಣಿಯಲ್ಲಿ ಜಾರಿ ಬಿದ್ದಳು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ, ಮೊಣಕೈ ತರಚಿತು ಅಷ್ಟೆ. ನೆಲ ನೋಡಿದರೆ ಹಸಿರು ಪಾಚಿ! ಗೋಡೆಯ ಬದಿಗೆ ಕೂರಿಸಿದ್ದ ಹೀಟ್ ಪಂಪಿನಿಂದ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಬೆಳೆದ ಪಾಚಿ.

ಕುಂದಾಣದ ನಮ್ಮ ಮನೆಯಲ್ಲಿ ಮೊದಲು ಸ್ನಾನಕ್ಕೆ ಹಂಡೆ ಒಲೆ ಇತ್ತು, ಆಮೇಲೆ ಸೋಲಾರ್ ಬಂತು. ಮೋಡ ಕವಿದ ದಿನ ಸೋಲಾರ್ ನೀರು ಉಗುರುಬೆಚ್ಚಗೂ ಆಗುವುದಿಲ್ಲವೆಂದು ಮಗ ಈ ಯಂತ್ರ ಹಾಕಿಸಿದ್ದ.

ರಿಪೇರಿಗೆ ಬಂದವರು, ‘ಒಳಗೆ ಪೈಪ್ ಒಡೆದಿದೆ, ಪೂರ್ತಿ ಬಿಚ್ಚಬೇಕು’ ಎಂದರು. ಏಳನೇ ತರಗತಿಯ ಮೊಮ್ಮಗಳು ನನ್ನ ಪಂಚೆ ಜಗ್ಗಿದಳು. ‘ತಾತ, ಬಿಚ್ಚಿಸೋಕೆ ಮುಂಚೆ ಅದು ಯಾವ ನೀರು ಅಂತ ನೋಡೋಣ.’

ನಾವಿಬ್ಬರೂ ಎರಡು ಪರೀಕ್ಷೆ ಮಾಡಿದೆವು. ಮೊದಲು ಯಂತ್ರ ನಿಲ್ಲಿಸಿ ಕಾದೆವು. ಪೈಪ್ ಒಡೆದಿದ್ದರೆ ನೀರು ಸುರಿಯುತ್ತಲೇ ಇರಬೇಕು. ಅರ್ಧ ಗಂಟೆಯಲ್ಲಿ ತೊಟ್ಟಿಕ್ಕುವುದು ನಿಂತಿತು. ಎರಡನೆಯದಕ್ಕೆ ಎರಡು ಸ್ಟೀಲ್ ತಟ್ಟೆ ತೆಗೆದುಕೊಂಡೆವು. ಒಂದಕ್ಕೆ ನಲ್ಲಿಯ ಬೋರ್‌ವೆಲ್ ನೀರು ಹತ್ತು ಹನಿ, ಇನ್ನೊಂದಕ್ಕೆ ಯಂತ್ರದ ನೀರು ಹತ್ತು ಹನಿ. ಒಣಗಿದ ಮೇಲೆ ನಲ್ಲಿ ನೀರಿನ ತಟ್ಟೆಯಲ್ಲಿ ಬಿಳಿ ಕಲೆ ಉಳಿಯಿತು, ಮತ್ತೊಂದರಲ್ಲಿ ಏನೂ ಇಲ್ಲ. ಕಲ್ಲು ಮಣ್ಣಿನ ನಡುವಿನಿಂದ ಬರುವ ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಥ ಲವಣಗಳು ಕರಗಿರುತ್ತವೆ. ಕಲೆ ಬಿಡದ ನೀರು ನೆಲದಿಂದ ಬಂದದ್ದಲ್ಲ, ಗಾಳಿಯಿಂದ ಬಂದದ್ದು!

ಅದು ಹೇಗೆ? ಫ್ರಿಜ್ಜು ತನ್ನೊಳಗಿನ ಶಾಖ ತೆಗೆದು ಹೊರಗೆ ಬಿಡುತ್ತದೆ. ಹೀಟ್ ಪಂಪು ಹೊರಗಿನ ಗಾಳಿಯ ಶಾಖ ಹೀರಿ ಟ್ಯಾಂಕಿನ ನೀರಿಗೆ ಕೊಡುತ್ತದೆ. ಶಾಖ ಕಳೆದುಕೊಂಡ ಗಾಳಿ ತಣ್ಣಗಾಗುತ್ತದೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ಆವಿ ಹಿಡಿದಿಟ್ಟುಕೊಳ್ಳಬಲ್ಲದು, 10 ಡಿಗ್ರಿಯಲ್ಲಿ ಬರೀ 9 ಗ್ರಾಂ. ಹಿಡಿಯಲಾರದ ಆವಿ ತಣ್ಣನೆಯ ಕೊಳವೆಗಳ ಮೇಲೆ ಹನಿಯಾಗುತ್ತದೆ. ತಣ್ಣನೆಯ ಮಜ್ಜಿಗೆ ಲೋಟದ ಹೊರಮೈ ಬೆವರುವುದೂ ಹೀಗೆಯೇ. ಮಳೆಗಾಲದ ಗಾಳಿಯಲ್ಲಿ ತೇವ ಹೆಚ್ಚು, ಆದ್ದರಿಂದ ನೀರೂ ಹೆಚ್ಚು.

ಹಾಗಾದರೆ ಯಂತ್ರ ಕೆಟ್ಟಿರಲಿಲ್ಲ, ನೀರಿಗೆ ದಾರಿ ಇರಲಿಲ್ಲ. ಕರೆಂಟ್ ತೆಗೆದು ನೋಡಿದರೆ ಅಡಿಯ ತೂತಿಗೆ ಒಣಗಿದ ಎಲೆ, ಧೂಳು ಮೆತ್ತಿಕೊಂಡಿತ್ತು. ಅದನ್ನು ತೆಗೆದು, ತೂತಿಗೆ ಪೈಪ್ ಸಿಕ್ಕಿಸಿ, ಉದ್ದಕ್ಕೂ ಇಳಿಜಾರು ಕೊಟ್ಟು ಹಿತ್ತಲಿನ ಚಕ್ಕೋತದ ಬುಡಕ್ಕೆ ಬಿಟ್ಟೆವು. ಪೈಪ್ ನಡುವೆ ಬಾಗಿದರೆ ಅಲ್ಲೇ ಕಸ ಕಟ್ಟುತ್ತದೆ. ಓಣಿಯ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ತೊಳೆದೆ.

ಒಮ್ಮೆ ಅಳೆದೂ ನೋಡಿದೆವು. ಎರಡು ಗಂಟೆ ಯಂತ್ರ ಓಡಿದರೆ ಎರಡು ಲೀಟರಿನ ಬಾಟಲಿ ತುಂಬಿತು. ಗಿಡಕ್ಕೆ, ನೆಲ ಒರೆಸಲು ಇದು ಚೆನ್ನ. ಕುಡಿಯಲು ಮಾತ್ರ ಬೇಡ. ಲೋಹದ ಕೊಳವೆ, ಧೂಳಿನ ಮೇಲೆ ಹರಿದು ಬಂದ ನೀರದು. ಬಕೆಟ್‌ನಲ್ಲಿ ಹಿಡಿದಿಟ್ಟರೆ ಮುಚ್ಚಿಡಿ, ಇಲ್ಲವಾದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಯಂತ್ರ ನಿಲ್ಲಿಸಿದ ಮೇಲೂ ನೀರು ನಿಲ್ಲದಿದ್ದರೆ, ಅಥವಾ ಕೊಳವೆಗಳ ಮೇಲೆ ಮಂಜುಗಡ್ಡೆ ಕಟ್ಟಿದರೆ, ಆಗ ಮೆಕ್ಯಾನಿಕ್‌ನನ್ನು ಕರೆಸಲೇಬೇಕು.

ಮಕ್ಕಳೇ, ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಎ.ಸಿ. ಇದ್ದರೆ ಅದರ ನೀರಿನಿಂದಲೂ ತಟ್ಟೆಯ ಪರೀಕ್ಷೆ ಮಾಡಿ ನೋಡಿ. ಹಾಗೆಯೇ ಅಜ್ಜಿ ಓಡಾಡುವ ದಾರಿಯಲ್ಲಿ ಪಾಚಿ ಇದೆಯೇ ಎಂದೂ ನೋಡಿ. ನಾನು ಅವಳು ಬಿದ್ದ ಮೇಲೆ ನೋಡಿದೆ, ನೀವು ಮೊದಲೇ ನೋಡಿ.