ಚಲನೆಯ ನಯಗೊಳಿಕೆ

ಚಲನೆಯ ನಯಗೊಳಿಕೆ ಅಥವಾ ಮೋಷನ್ ಸ್ಮೂದಿಂಗ್ ಎಂಬುದು ಟಿವಿ ಪರದೆಯ ಮೇಲಿನ ಚಲನೆ ಹೆಚ್ಚು ಸರಾಗವಾಗಿ ಕಾಣುವಂತೆ, ಮೂಲ ಫ್ರೇಮ್‌ಗಳ ನಡುವೆ ಹೊಸ ಫ್ರೇಮ್‌ಗಳನ್ನು ಸೃಷ್ಟಿಸಿ ಸೇರಿಸುವ ತಂತ್ರ. ಸ್ಯಾಮ್‌ಸಂಗ್ ಇದನ್ನು ಆಟೋ ಮೋಷನ್ ಪ್ಲಸ್, ಎಲ್‌ಜಿ ಟ್ರೂಮೋಷನ್, ಸೋನಿ ಮೋಷನ್‌ಫ್ಲೋ ಎಂಬ ಹೆಸರುಗಳಲ್ಲಿ ಒದಗಿಸಿವೆ. ಅನೇಕ ಟಿವಿಗಳಲ್ಲಿ ಇದು ಕಾರ್ಖಾನೆಯಿಂದಲೇ ಚಾಲನೆಯಲ್ಲಿರುತ್ತದೆ. ಇದರ ಅಗತ್ಯವು ಪರದೆಯ ಗಾತ್ರ, ವೀಕ್ಷಣೆಯ ದೂರ ಹಾಗೂ ನೋಡುವ ಕಾರ್ಯಕ್ರಮವನ್ನು ಅವಲಂಬಿಸಿದೆ.

ಹಿನ್ನೆಲೆ

ಚಲನಚಿತ್ರಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್‌ಗಳಂತೆ ಚಿತ್ರೀಕರಿಸಲಾಗುತ್ತದೆ. ಸೆಕೆಂಡಿಗೆ 60 ಬಾರಿ ನವೀಕರಣಗೊಳ್ಳುವ ಪರದೆಗೆ ಈ ಸಂಖ್ಯೆ ಸಮನಾಗಿ ಹೊಂದುವುದಿಲ್ಲ. ಆದ್ದರಿಂದ ಒಂದು ಫ್ರೇಮ್ 2 ಬಾರಿ, ಮುಂದಿನದು 3 ಬಾರಿ ಮೂಡಿ, ಕ್ಯಾಮೆರಾ ನಿಧಾನವಾಗಿ ತಿರುಗುವ ದೃಶ್ಯಗಳಲ್ಲಿ ಕುಲುಕಾಟ ಉಂಟಾಗುತ್ತದೆ. 120 ಹರ್ಟ್ಜ್ ಪರದೆಯಲ್ಲಿ ಪ್ರತಿ ಫ್ರೇಮ್ ಅನ್ನು 5 ಬಾರಿ ತೋರಿಸಬಹುದಾದ್ದರಿಂದ ಈ ಅಸಮಾನತೆ ನಿವಾರಣೆಯಾಗುತ್ತದೆ. ಆದರೆ ಫ್ರೇಮ್‌ಗಳ ನಡುವಿನ ಅಂತರ ಹಾಗೆಯೇ ಉಳಿಯುತ್ತದೆ.

ಕಾರ್ಯವಿಧಾನ

ಟಿವಿಯ ಸಂಸ್ಕಾರಕವು ಎರಡು ಫ್ರೇಮ್‌ಗಳನ್ನು ಹೋಲಿಸಿ, ಚಿತ್ರದ ಪ್ರತಿ ಸಣ್ಣ ಭಾಗವು ಯಾವ ದಿಕ್ಕಿಗೆ ಎಷ್ಟು ಸರಿದಿದೆ ಎಂದು ಅಂದಾಜಿಸುತ್ತದೆ. ಅದರ ಆಧಾರದ ಮೇಲೆ ನಡುವಿನ ಚಿತ್ರಗಳನ್ನು ರಚಿಸುತ್ತದೆ. 24 ಫ್ರೇಮ್‌ಗಳನ್ನು 120ಕ್ಕೆ ಏರಿಸಲು ಪ್ರತಿ ಎರಡು ಫ್ರೇಮ್‌ಗಳ ನಡುವೆ 4 ಹೊಸ ಫ್ರೇಮ್‌ಗಳು ಬೇಕು. ಒಂದು ವಸ್ತು ಮತ್ತೊಂದರ ಮರೆಗೆ ಸರಿದಾಗ ಈ ಅಂದಾಜು ತಪ್ಪಿ, ವ್ಯಕ್ತಿಗಳ ಸುತ್ತ ಪ್ರಭಾವಳಿಯಂತಹ ದೋಷ ಅಥವಾ ಅಂಚುಗಳ ಒಡಕು ಕಾಣಬಹುದು. ಮುಂದಿನ ಫ್ರೇಮ್‌ಗಾಗಿ ಕಾಯಬೇಕಾದ ಕಾರಣ ವಿಳಂಬವೂ ಉಂಟಾಗುತ್ತದೆ. ಹೀಗಾಗಿ ವಿಡಿಯೋ ಆಟಗಳಿಗೆ ಇದು ಸೂಕ್ತವಲ್ಲ.

ಪರದೆಯ ಗಾತ್ರದೊಂದಿಗೆ ಸಂಬಂಧ

ಟಿವಿಯ ಗಾತ್ರವನ್ನು ಕರ್ಣದ ಇಂಚುಗಳಲ್ಲಿ ಹೇಳಲಾಗುತ್ತದೆ. ಕಣ್ಣಿಗೆ ಮುಖ್ಯವಾದದ್ದು ಪರದೆಯು ಆವರಿಸುವ ಕೋನ. ಸಾಮಾನ್ಯ ವೀಕ್ಷಣೆಗೆ ಸುಮಾರು 30 ಡಿಗ್ರಿ, ಚಿತ್ರಮಂದಿರದಂತಹ ಅನುಭವಕ್ಕೆ ಸುಮಾರು 40 ಡಿಗ್ರಿ ಕೋನವನ್ನು ಸೂಚಿಸುವುದು ರೂಢಿ. ಕರ್ಣದ ಅಳತೆಯನ್ನು ಕ್ರಮವಾಗಿ 1.6 ಮತ್ತು 1.2ರಿಂದ ಗುಣಿಸಿದರೆ ಕುಳಿತುಕೊಳ್ಳಬೇಕಾದ ದೂರ ದೊರೆಯುತ್ತದೆ. 55 ಇಂಚಿನ ಟಿವಿಗೆ ಇವು ಸುಮಾರು 2.2 ಮೀಟರ್ ಮತ್ತು 1.7 ಮೀಟರ್.

ಪರದೆ ದೊಡ್ಡದಾದಂತೆ ಕುಲುಕಾಟವೂ ಎದ್ದು ಕಾಣುತ್ತದೆ. ಉದಾಹರಣೆಗೆ, ಒಂದು ವಸ್ತು 4 ಸೆಕೆಂಡುಗಳಲ್ಲಿ ಪರದೆಯನ್ನು ದಾಟಿದರೆ, ಪ್ರತಿ ಫ್ರೇಮ್‌ಗೆ ಅದು 32 ಇಂಚಿನ ಪರದೆಯಲ್ಲಿ ಸುಮಾರು 0.7 ಸೆಂ.ಮೀ., 55 ಇಂಚಿನ ಪರದೆಯಲ್ಲಿ ಸುಮಾರು 1.3 ಸೆಂ.ಮೀ. ಜಿಗಿಯುತ್ತದೆ. ಅದೇ ಕೋಣೆಯಲ್ಲಿ, ಅದೇ ದೂರದಲ್ಲಿ ಹಳೆಯ ಟಿವಿಯಲ್ಲಿ ಗಮನಕ್ಕೆ ಬಾರದ ಕುಲುಕಾಟ ಹೊಸ ಟಿವಿಯಲ್ಲಿ ಕಾಣುವುದು ಇದೇ ಕಾರಣಕ್ಕೆ. ಅದು ಟಿವಿಯ ದೋಷವೇ ಆಗಿರಬೇಕೆಂದಿಲ್ಲ.

ಟೀಕೆ

ನಯಗೊಳಿಸಿದ ಚಲನಚಿತ್ರವು ಸ್ಟುಡಿಯೋದಲ್ಲಿ ವಿಡಿಯೋ ಕ್ಯಾಮೆರಾದಿಂದ ಚಿತ್ರಿಸಿದ ಧಾರಾವಾಹಿಯಂತೆ ತೋರುವುದರಿಂದ ಇದನ್ನು "ಸೋಪ್ ಒಪೆರಾ ಪರಿಣಾಮ" ಎನ್ನುತ್ತಾರೆ. ಸೆಕೆಂಡಿಗೆ 48 ಫ್ರೇಮ್‌ಗಳಂತೆ ಚಿತ್ರೀಕರಿಸಲಾದ 'ದಿ ಹಾಬಿಟ್' ಸರಣಿಯ ಮೊದಲ ಚಿತ್ರದ (2012) ಬಗೆಗೂ ಇದೇ ಆಕ್ಷೇಪ ಕೇಳಿಬಂದಿತ್ತು. ಅಸಹಜತೆಯ ಭಾವಕ್ಕೆ ಕೃತಕ ಫ್ರೇಮ್‌ಗಳಷ್ಟೇ ಕಾರಣವಲ್ಲ, ಫ್ರೇಮ್ ದರವೂ ಕಾರಣ ಎಂಬುದನ್ನು ಇದು ಸೂಚಿಸುತ್ತದೆ. 2018ರ ಡಿಸೆಂಬರ್‌ನಲ್ಲಿ ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಈ ಸೌಲಭ್ಯವನ್ನು ನಿಲ್ಲಿಸುವಂತೆ ವೀಕ್ಷಕರನ್ನು ಕೋರಿದರು. 2019ರಲ್ಲಿ ಯುಎಚ್‌ಡಿ ಅಲೈಯನ್ಸ್ ಒಕ್ಕೂಟವು ನಯಗೊಳಿಕೆಯನ್ನು ತಾನಾಗಿ ನಿಲ್ಲಿಸುವ "ಫಿಲ್ಮ್‌ಮೇಕರ್ ಮೋಡ್" ಅನ್ನು ಪ್ರಕಟಿಸಿತು.

ಬಳಕೆ

ಕ್ರಿಕೆಟ್‌ನಂತಹ ಕ್ರೀಡೆಗಳ ನೇರಪ್ರಸಾರದಲ್ಲಿ ಮೂಲ ದರವೇ ಹೆಚ್ಚಾಗಿರುವುದರಿಂದ ನಯಗೊಳಿಕೆಯಿಂದ ಚಿತ್ರದ ಸ್ವಭಾವ ಅಷ್ಟಾಗಿ ಬದಲಾಗುವುದಿಲ್ಲ. ವೇಗದ ಚೆಂಡಿನ ಮಸುಕು ಕಡಿಮೆಯಾಗಬಹುದು. ಹಲವು ಟಿವಿಗಳಲ್ಲಿ ಕುಲುಕಾಟ ಮತ್ತು ಮಸುಕಿಗೆ ಪ್ರತ್ಯೇಕ ನಿಯಂತ್ರಣಗಳಿವೆ. ಕುಲುಕಾಟದ ನಿಯಂತ್ರಣವನ್ನು ಶೂನ್ಯಕ್ಕೆ ಇಳಿಸಿದರೆ ಚಲನಚಿತ್ರಗಳ ಮೂಲ ಲಯ ಉಳಿಯುತ್ತದೆ. ದೊಡ್ಡ ಪರದೆಯಲ್ಲಿ ಕುಲುಕಾಟ ಕಣ್ಣಿಗೆ ತೊಂದರೆ ಕೊಟ್ಟರೆ, ಅತಿ ಕಡಿಮೆ ಮಟ್ಟದ ನಯಗೊಳಿಕೆ ಅಥವಾ ತುಸು ಹಿಂದಕ್ಕೆ ಕುಳಿತು ನೋಡುವುದು ಪರಿಹಾರವಾಗಬಲ್ಲದು.