ಪಾಠದ ತಿದ್ದುಪಡಿಗಳ ಸ್ಥಳಾಂತರ ಮತ್ತು ಪರಿಷ್ಕಾರ

ಹಸ್ತಪ್ರತಿಗಳನ್ನು ಪರಿಷ್ಕರಿಸುವವರಿಗೆ ಒಂದು ತೊಡಕು ಚಿರಪರಿಚಿತವಾದುದು. ಒಂದು ಪ್ರತಿಯಲ್ಲಿರುವ ಸಾಧುವಾದ ತಿದ್ದುಪಡಿ ಮತ್ತೊಂದು ಪ್ರತಿಗೆ ಬೇಕಾಗುತ್ತದೆ. ಆದರೆ ಅದರೊಡನಿರುವ ಉಳಿದ ಮಾರ್ಪಾಡುಗಳು ಬೇಡವಾಗಿರುತ್ತವೆ. ಶಾಸನಪಾಠಗಳೂ ಗ್ರಾಮಸೂಚಿಗಳೂ ಗಣಕಯಂತ್ರದಲ್ಲಿ ಸಿದ್ಧವಾಗುತ್ತಿರುವ ಇಂದು ಇದೇ ತೊಡಕು ಹೊಸ ರೂಪದಲ್ಲಿ ನಮ್ಮೆದುರಿಗಿದೆ. ಲಿನಕ್ಸ್ ತಂತ್ರಾಂಶದ ನಿರ್ಮಾಣಕ್ಕೆಂದು ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ ‘ಗಿಟ್’ ಎಂಬ ಆವೃತ್ತಿ ನಿರ್ವಹಣಾ ವ್ಯವಸ್ಥೆಯು ಇದಕ್ಕೆ ಒದಗಿಸುವ ಉಪಾಯಗಳನ್ನು ಇಲ್ಲಿ ವಿವರಿಸುತ್ತೇವೆ.

ಗಿಟ್‌ನಲ್ಲಿ ಪ್ರತಿಯೊಂದು ತಿದ್ದುಪಡಿಯೂ ‘ಕಮಿಟ್’ ಎಂಬ ಘಟಕವಾಗಿ ದಾಖಲಾಗುತ್ತದೆ. ಆ ಹೊತ್ತಿನಲ್ಲಿ ಕಡತಗಳಿದ್ದ ಸ್ಥಿತಿ, ಹಿಂದಿನ ಕಮಿಟ್‌ನ ಗುರುತು, ಕರ್ತೃವಿನ ಹೆಸರು, ಕಾಲ, ಉದ್ದೇಶವನ್ನು ತಿಳಿಸುವ ಟಿಪ್ಪಣಿ ಇವೆಲ್ಲವನ್ನೂ ಗಣಿಸಿ ಯಂತ್ರವು ಅದಕ್ಕೊಂದು ಗುರುತಿನ ಸಂಖ್ಯೆಯನ್ನು ಕೊಡುತ್ತದೆ. ಆದಕಾರಣ ಕಮಿಟ್ ಒಂದನ್ನು ತಿದ್ದುವುದೆಂದರೆ, ವಾಸ್ತವವಾಗಿ, ಹೊಸದೊಂದನ್ನು ರಚಿಸಿ ಹಳೆಯದರ ಸ್ಥಾನದಲ್ಲಿರಿಸುವುದೇ ಆಗಿದೆ. ಅದರ ಮುಂದಿನ ಕಮಿಟ್‌ಗಳ ಸಂಖ್ಯೆಗಳೂ ಬದಲಾಗುತ್ತವೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಶಾಸನಸೂಚಿಯೊಂದು 2021ಕ್ಕೆ ಮೊದಲು ಸಿದ್ಧವಾಗಿದೆ. ನಾಲ್ಕೂ ಸ್ಥಳಗಳ ಮುಂದೆ ಬಳ್ಳಾರಿ ಜಿಲ್ಲೆಯೆಂದು ನಮೂದಾಗಿದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚಿತವಾದಾಗ ಹೊಸಪೇಟೆ ಅದರ ಕೇಂದ್ರವಾಯಿತು. ಹಂಪಿಯೂ ಅದಕ್ಕೆ ಸೇರಿತು. ಸಂಡೂರು ಮತ್ತು ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಸೂಚಿಗೆ ಎರಡು ಶಾಖೆಗಳಿವೆಯೆನ್ನೋಣ: ಹಿಂದಿನ ಸಂಪುಟಗಳ ಜಿಲ್ಲಾನಾಮಗಳನ್ನೇ ಉಳಿಸಿಕೊಂಡ ಮುದ್ರಣಶಾಖೆ ಒಂದು, ಪರಿಷ್ಕೃತಶಾಖೆ ಇನ್ನೊಂದು. ಸಂಪಾದಕರೊಬ್ಬರು ಪರಿಷ್ಕೃತಶಾಖೆಯಲ್ಲಿ ಒಂದೇ ಕಮಿಟ್‌ನಲ್ಲಿ ಎರಡು ಕೆಲಸ ಮಾಡಿದ್ದಾರೆ. ನಾಲ್ಕೂ ಸ್ಥಳಗಳನ್ನು ವಿಜಯನಗರ ಜಿಲ್ಲೆಗೆ ಸೇರಿಸಿದ್ದಾರೆ; ಮಾಘಮಾಸದ ಶಾಸನವೊಂದರ ಕಾಲವನ್ನೂ ತಿದ್ದಿದ್ದಾರೆ. ಗತಶಕವರ್ಷಕ್ಕೆ 78 ಕೂಡಿಸಿದರೆ ಸಾಮಾನ್ಯವಾಗಿ ಕ್ರಿಸ್ತವರ್ಷ ದೊರೆಯುತ್ತದೆಯಾದರೂ, ಮಾಘವು ಜನವರಿ-ಫೆಬ್ರವರಿಗಳಲ್ಲಿ ಬರುವುದರಿಂದ 79 ಕೂಡಿಸಬೇಕು. ಎರಡನೆಯ ತಿದ್ದುಪಡಿ ನಿರ್ದುಷ್ಟವಾದುದು, ಮುದ್ರಣಶಾಖೆಗೂ ಅವಶ್ಯವಾದುದು. ಮೊದಲನೆಯದು ಅರ್ಧ ತಪ್ಪು.

ಇಲ್ಲಿ ಮಾಡಬೇಕಾದ ಮೊದಲ ಕೆಲಸ ವಿಭಜನೆ. ಆ ಕಮಿಟ್ ಕೊನೆಯದಾಗಿದ್ದರೆ ಅದನ್ನು ಹಿಂದೆಗೆದುಕೊಂಡು ಎರಡಾಗಿ ದಾಖಲಿಸಬಹುದು; ಅದರ ಮೇಲೆ ಬೇರೆ ಕಮಿಟ್‌ಗಳು ಬಂದಿದ್ದರೆ ‘ರೀಬೇಸ್’ ಕ್ರಮದಿಂದ ಅದರ ಬಳಿ ನಿಂತು ಒಡೆದು, ಮುಂದಿನವುಗಳನ್ನು ಮತ್ತೆ ಜೋಡಿಸಿಕೊಳ್ಳಬೇಕು. ಜಿಲ್ಲೆಯ ತಿದ್ದುಪಡಿಯನ್ನು ಹೊಸಪೇಟೆ ಮತ್ತು ಹಂಪಿಗಳಿಗೆ ಮಾತ್ರ ಸೀಮಿತಗೊಳಿಸಬೇಕು. ಕೇವಲ ಕೊನೆಯ ಕಮಿಟ್‌ನ ಟಿಪ್ಪಣಿಯನ್ನೋ ಒಂದೆರಡು ಅಕ್ಷರಗಳನ್ನೋ ತಿದ್ದುವುದಾದರೆ ‘ಅಮೆಂಡ್’ ಸಾಕು.

ಎರಡನೆಯದು ಸ್ಥಳಾಂತರ. ಮುದ್ರಣಶಾಖೆಯಲ್ಲಿ ನಿಂತು ‘ಚೆರಿ-ಪಿಕ್’ ಆಜ್ಞೆಯಿಂದ ಕಾಲನಿರ್ಣಯದ ಕಮಿಟ್ ಒಂದನ್ನೇ ಕರೆದರೆ, ಅದಕ್ಕೂ ಅದರ ಹಿಂದಿನ ಸ್ಥಿತಿಗೂ ಇರುವ ಅಂತರವನ್ನು ಕಂಡುಕೊಂಡು ಯಂತ್ರವು ಆ ಅಂತರವನ್ನಷ್ಟೇ ಇಲ್ಲಿ ಅಳವಡಿಸುತ್ತದೆ. ಮೂಲಕರ್ತೃವಿನ ಹೆಸರು ಹಾಗೆಯೇ ಉಳಿಯುತ್ತದೆ; ತಂದವರ ಹೆಸರು ಪ್ರತ್ಯೇಕವಾಗಿ ದಾಖಲಾಗುತ್ತದೆ. ಆಜ್ಞೆಯೊಡನೆ ‘-ಎಕ್ಸ್’ ಎಂಬ ಸೂಚನೆಯನ್ನಿತ್ತರೆ ಮೂಲ ಕಮಿಟ್‌ನ ಸಂಖ್ಯೆಯೂ ಟಿಪ್ಪಣಿಯಲ್ಲಿ ಸೇರುತ್ತದೆ. ಅದೇ ಸಾಲುಗಳು ಮುದ್ರಣಶಾಖೆಯಲ್ಲಿ ಬೇರೆ ರೀತಿ ಬದಲಾಗಿದ್ದರೆ ಯಂತ್ರವು ಅಲ್ಲಿಯೇ ನಿಲ್ಲುತ್ತದೆ. ಯಾವ ಪಾಠ ಗ್ರಾಹ್ಯವೆಂಬ ನಿರ್ಣಯ ಸಂಪಾದಕನದೇ ಹೊರತು ಯಂತ್ರದ್ದಲ್ಲ.

ಕನ್ನಡ ಪಾಠಗಳಲ್ಲಿ ಎರಡು ವಿಷಯಗಳನ್ನು ವಿಶೇಷವಾಗಿ ಗಮನಿಸಬೇಕು. ಗಿಟ್ ಸಾಮಾನ್ಯವಾಗಿ ಸಾಲುಸಾಲಾಗಿ ಹೋಲಿಸುವುದರಿಂದ, ಶಾಸನದ ಒಂದೊಂದು ಪಂಕ್ತಿಯನ್ನೂ ಪ್ರತ್ಯೇಕ ಸಾಲಿನಲ್ಲಿ ಬರೆಯುವುದು ಲೇಸು. ಮತ್ತು ಯೂನಿಕೋಡ್‌ನಲ್ಲಿ ‘ಹೊ’ದ ಒಕಾರವನ್ನೂ ‘ಪೇ’ಯ ಏಕಾರವನ್ನೂ ಒಂದೇ ಸಂಕೇತದಿಂದಲೂ ಎರಡು ಸಂಕೇತಗಳ ಜೋಡಣೆಯಿಂದಲೂ ಬರೆಯಬಹುದು. ಕಣ್ಣಿಗೆ ಒಂದೇ ಆಗಿ ಕಾಣುವ ‘ಹೊಸಪೇಟೆ’ ಯಂತ್ರಕ್ಕೆ ಹೀಗೆ ಬೇರೆ ಬೇರೆ ಪದಗಳಾಗಿ ತೋರಬಹುದು. ಹಂಪಿ, ಸಂಡೂರು, ಕಂಪ್ಲಿಗಳಿಗೆ ಈ ತೊಂದರೆಯಿಲ್ಲ. ಎಲ್ಲ ಕಡತಗಳನ್ನೂ ಮೊದಲೇ ಒಂದು ಕ್ರಮಕ್ಕೆ ತಂದುಕೊಂಡರೆ ಹುಸಿ ವ್ಯತ್ಯಾಸಗಳು ತಲೆದೋರವು.

ಈ ಸ್ವಾತಂತ್ರ್ಯಕ್ಕೆ ಒಂದು ಮೇರೆಯುಂಟು. ತನ್ನ ಬಳಿ ಮಾತ್ರವಿರುವ ಕಮಿಟ್‌ಗಳನ್ನು ಸಂಪಾದಕನು ಎಷ್ಟು ಬಾರಿಯಾದರೂ ಒಡೆಯಬಹುದು, ಕೂಡಿಸಬಹುದು, ಕ್ರಮ ಬದಲಿಸಬಹುದು. ಆದರೆ ಸಹೋದ್ಯೋಗಿಗಳು ಅವುಗಳನ್ನು ಪಡೆದು ಅವುಗಳ ಮೇಲೆ ಕೆಲಸ ಮುಂದುವರಿಸಿದ ಬಳಿಕ ತಿದ್ದಿದರೆ, ಅವರ ಬಳಿಯ ಸಂಖ್ಯೆಗಳು ನಮ್ಮವುಗಳೊಡನೆ ಹೊಂದುವುದಿಲ್ಲ. ಕೈಬಿಟ್ಟ ತಪ್ಪು ಮತ್ತೆ ಒಳನುಸುಳುವ ಸಂಭವವಿದೆ. ಆಗ ಹಳೆಯದನ್ನು ಹಾಗೆಯೇ ಉಳಿಸಿ, ‘ರಿವರ್ಟ್’ ಮಾಡಿ ಅದಕ್ಕೆ ವಿರುದ್ಧವಾದ ಹೊಸ ಕಮಿಟ್ ಒಂದನ್ನು ಸೇರಿಸುವುದೇ ಯುಕ್ತ.

ಒಟ್ಟಿನಲ್ಲಿ, ಒಂದು ಕಮಿಟ್‌ಗೆ ಒಂದೇ ಉದ್ದೇಶವಿರಲಿ. ಪರಿಷ್ಕಾರವೆಲ್ಲವೂ ಹಂಚುವ ಮುನ್ನ ನಡೆಯಲಿ. ಹಂಚಿದ ಮೇಲೆ ತಿದ್ದುವುದು ಬಹಿರಂಗವಾಗಿರಲಿ. ಸಂಡೂರಿನ ಶಾಸನವನ್ನು ಯಾರು, ಎಂದು, ಏತಕ್ಕಾಗಿ ಬೇರೆ ಜಿಲ್ಲೆಗೆ ಸೇರಿಸಿದರು, ಮತ್ತೆ ಯಾರು ಸರಿಪಡಿಸಿದರು ಎಂಬುದು ಮುಂದಿನ ಸಂಶೋಧಕನಿಗೆ ತಿಳಿಯಬೇಕು. ಪಾಠದಷ್ಟೇ ಪಾಠದ ಇತಿಹಾಸವೂ ಶಾಸ್ತ್ರಕ್ಕೆ ಆಧಾರವಾದುದು.